ಮೂಲವನ್ನು ಮರೆಯದ ಮಹನೀಯ: ಫರ್ಡಿನಾಂಡ್ ಕಿಟ್ಟೆಲ್

ಕನ್ನಡ ನುಡಿಯ ಸೇವೆಗೈದ ಪರದೇಶೀಯರಲ್ಲಿ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್‌ರವರ ಹೆಸರು ಅಗ್ರಗಣ್ಯವಾದುದು. ಇವರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಜನಿಸಿದರು. 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ ಹಿಂದುಸ್ಥಾನಕ್ಕೆ ಬಂದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನೆಲೆಸಿದರು. ಬಂದದ್ದು ಧರ್ಮಪ್ರಚಾರಕ್ಕೆ, ಮನಸೋತದ್ದು ಕನ್ನಡಕ್ಕೆ.

ಹಳ್ಳಿಗರ ಬಾಯಿಂದ ಗಾದೆಗಳನ್ನು ಕೇಳಿ ಬರೆದುಕೊಂಡರು. ತಾಳೆಯ ಗರಿಗಳನ್ನು ಓದಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚುಹಾಕಿಸಿದರು. ವ್ಯಾಕರಣ ಬಲ್ಲವನಿಗೇ ನಿಘಂಟಿನ ಅಧಿಕಾರವೆಂಬುದನ್ನು ಹೀಗೆ ಮಾಡಿ ತೋರಿಸಿದರು.

ಸುಮಾರು 70,000 ಶಬ್ದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂದಿತು. ಅದರ ಹಿರಿಮೆ ಗಾತ್ರದಲ್ಲಷ್ಟೇ ಇಲ್ಲ. ಶಬ್ದದ ಅರ್ಥ ಹೇಳಿ ಸುಮ್ಮನಾಗದೆ, ಅದು ಯಾವ ಗ್ರಂಥದಲ್ಲಿ ಬಂದಿದೆಯೆಂಬುದನ್ನು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ಬಳಕೆ ತಪ್ಪಿದ್ದ ಱ, ೞ ಅಕ್ಷರಗಳನ್ನೂ ಅವುಗಳ ಸ್ಥಾನದಲ್ಲಿ ಕಾಪಾಡಿದ್ದಾರೆ. ಸಂಶಯ ಬಂದವನು ಮೂಲಕ್ಕೆ ಹೋಗಿ ಪರೀಕ್ಷಿಸಬಹುದು. ವಿದ್ವಾಂಸನಾದವನು ಓದುಗನಿಗೆ ಕೊಡಬೇಕಾದ ಗೌರವವಿದು.

ಇದು ಪರದೇಶದಿಂದ ಬಂದ ಪದ್ಧತಿಯೆಂದು ಯಾರೂ ಭಾವಿಸಬಾರದು. ಹದಿಮೂರನೆಯ ಶತಮಾನದ ಕೇಶಿರಾಜನೇ ತನಗೆ ಆಧಾರರಾದ ಗಜಗ, ಗುಣನಂದಿ, ಮನಸಿಜ, ಅಸಗ, ಪಂಪ, ಪೊನ್ನ ಮೊದಲಾದವರ ಹೆಸರನ್ನು ಹೇಳಿದ್ದಾನೆ. ಗಜಗ, ಮನಸಿಜರ ಕನ್ನಡ ಕಾವ್ಯಗಳು ಇಂದು ನಮಗಿಲ್ಲ. ಕೇಶಿರಾಜನಂಥವರು ನೆನೆದುದರಿಂದ ಹೆಸರಾದರೂ ಉಳಿಯಿತು.

ಕಿಟ್ಟೆಲ್‌ರಿಗೆ 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ.

ನನ್ನ ಮಾತೊಂದನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಿಂದೊಮ್ಮೆ ಪ್ರಬಂಧ ಬರೆಯುವಾಗ ಪುಸ್ತಕವೊಂದರ ಎರಡು ಪುಟಗಳನ್ನು ಹಾಗೆಯೇ ಇಳಿಸಿದ್ದೆ. ಇದನ್ನು ಎಲ್ಲಿಂದ ತಂದೆಯಪ್ಪಾ ಎಂದು ಗುರುಗಳು ಮೆಲ್ಲಗೆ ಕೇಳಿದಾಗ ತಲೆಯೆತ್ತಲಾಗಲಿಲ್ಲ. ಪರರ ವಾಕ್ಯಗಳಲ್ಲಿ ತಪ್ಪಿರಲಿಲ್ಲ. ನಾನೇ ಬರೆದ ನಾಲ್ಕು ಸಾಲುಗಳಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಿರಲಿಲ್ಲ. ಕಳವು ಬಯಲಾದದ್ದೇ ಅದರಿಂದ! ಗುರುಗಳು ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟನ್ನು ತೆರೆದು ತೋರಿಸಿದರು.

ಬ್ಯಾಡಗಿಯ ಪೇಟೆಯಲ್ಲಿ ನಮ್ಮ ತಂದೆಯವರು ಮೆಣಸಿನಕಾಯಿ ಮಾರುವಾಗ ಯಾವ ಚೀಲ ಯಾವ ರೈತನದೆಂಬ ಲೆಕ್ಕವಿರುತ್ತದೆ. ವಿದ್ಯೆಯ ಪೇಟೆಯಲ್ಲಿ ಆ ಲೆಕ್ಕ ಬೇಡವೇ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳ್ಳಿಗಳಿಂದ ಬಂದ ಸಹಪಾಠಿಗಳೇ, ನಮ್ಮ ವಾಕ್ಯ ಚಿಕ್ಕದಿದ್ದರೂ ಶುದ್ಧವಾಗಿರಲಿ. ಪಡೆದುದನ್ನು ಪಡೆದೆವೆಂದು ಬರೆಯೋಣ. ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅದೇ.