ಅಂಗೈಯೊಳಗಿನ ಅಕ್ಷರ

ಹೊಸಪೇಟೆಯಲ್ಲಿ ಕಾಲುವೆ ನೀರಿಗೆ ಕೈಯೊಡ್ಡಿದಾಗಲೆಲ್ಲ ನನಗೆ ಹೆಲೆನ್ ಕೆಲರ್ ನೆನಪಾಗ್ತಾರೆ. ಕಥೆ ಎಲ್ಲರೂ ಶಾಲೆಯಲ್ಲಿ ಕೇಳಿದ್ದೇ. 1880ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ ಮಗು, 19 ತಿಂಗಳಿಗೇ ಕಾಯಿಲೆ ಬಿದ್ದು ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡಿತು. 1887ರ ಏಪ್ರಿಲ್‌ನಲ್ಲಿ ಪಂಪಿನ ನೀರು ಒಂದು ಕೈಮೇಲೆ ಸುರಿಯುತ್ತಿದ್ದಾಗ ಟೀಚರ್ ಆನ್ ಸಲಿವನ್ ಇನ್ನೊಂದು ಅಂಗೈಯೊಳಗೆ ಬೆರಳುಗಳಿಂದ ಆ ಪದ ಮೂಡಿಸಿದರು. ವಸ್ತುಗಳಿಗೆ ಹೆಸರಿರುತ್ತೆ ಅಂತ ಹುಡುಗಿಗೆ ಹೊಳೆದದ್ದು ಆವಾಗ.

ಕಥೆಯಲ್ಲಿ ಬಿಟ್ಟುಹೋಗುವ ಸಂಗತಿಯೊಂದಿದೆ. ಆ ಬೆರಳಕ್ಷರವನ್ನು ಸಲಿವನ್ ಕಲಿತದ್ದು ಬಾಸ್ಟನ್ನಿನ ಪರ್ಕಿನ್ಸ್ ಶಾಲೆಯಲ್ಲಿದ್ದ ಲಾರಾ ಬ್ರಿಜ್‌ಮನ್ ಅವರಿಂದ. ಅವರಿಗೂ ಕಣ್ಣು ಕಾಣದು, ಕಿವಿ ಕೇಳದು. ಒಂದೇ ಕೈ, ಅಕ್ಷರಕ್ಕೊಂದು ಭಂಗಿ. ಎದುರಿನವರು ಮುಟ್ಟಿ ಓದಬೇಕು. ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಬರೀ ಕೋಡ್. ಆದರೆ ಕೋಡ್ ಕಳಿಸೋಕೆ ದಿನವಿಡೀ ಪಕ್ಕದಲ್ಲಿ ಕೂರುವ ಮನುಷ್ಯ ಬೇಕಲ್ಲ? ರ‍್ಯಾಡ್‌ಕ್ಲಿಫ್ ಕಾಲೇಜಿನ ಪಾಠಗಳನ್ನು ಸಲಿವನ್ ಹಾಗೆ ಕೂತೇ ಮುಟ್ಟಿಸಿದರು. 1904ರಲ್ಲಿ ಕೆಲರ್ ಪದವಿ ಪಡೆದರು. 1936ರಲ್ಲಿ ಸಲಿವನ್ ತೀರಿಕೊಂಡ ಮೇಲೆ ಜೊತೆಗಿದ್ದವರು ಪಾಲಿ ಥಾಮ್ಸನ್. 1955ರಲ್ಲಿ ಇಬ್ಬರೂ ಭಾರತಕ್ಕೂ ಬಂದಿದ್ದರು. ಕೆಲರ್ 1968ರಲ್ಲಿ ತೀರಿಕೊಂಡರು.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ಜೋಡಿ ವೈಕಲ್ಯವೂ ಇದೆ. ಸರಿ, ಕಂಪ್ಲಿಯಲ್ಲೋ ಸಂಡೂರಿನಲ್ಲೋ ಅಂಥ ಮಗುವಿದ್ದರೆ, ದಿನಾ ಅದರ ಅಂಗೈ ಹಿಡಿದು ಕೂರುವವರಿಗೆ ಸಂಬಳ ಕೊಡೋರು ಯಾರು?