ತಾತಾರವರ ಹಡಗು

1839ರಲ್ಲಿ ನವಸಾರಿಯಲ್ಲಿ ಜನಿಸಿದ ಜಮ್ಷೆಟ್ಜಿ ತಾತಾರವರು ಇಪ್ಪತ್ತರ ಹರೆಯದಲ್ಲಿಯೇ ಹಾಂಗ್‌ಕಾಂಗಿಗೆ ತೆರಳಿ ತಂದೆಯ ವ್ಯಾಪಾರವನ್ನು ಬೆಳೆಸಿದರು. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ತೆರೆದು, ಲ್ಯಾಂಕಾಷೈರಿನವರೇ ಶಂಕಿಸುತ್ತಿದ್ದ ಅಮೆರಿಕದ ರಿಂಗ್ ಕದಿರುಗಳನ್ನು ಅಲ್ಲಿ ತರಿಸಿದರು.

ನಮ್ಮ ಮನಸ್ಸು ನಿಲ್ಲುವುದು 1893ರ ಸಂಗತಿಯಲ್ಲಿ. ಮುಂಬಯಿಯ ಹತ್ತಿ, ನೂಲುಗಳನ್ನು ಪೂರ್ವದೇಶಗಳಿಗೆ ಸಾಗಿಸುವ ಕಾರ್ಯವು ಆಗ ಪಿ. ಅಂಡ್ ಓ. ಮೊದಲಾದ ಹಡಗಿನ ಕಂಪೆನಿಗಳ ಕೂಟದ ವಶದಲ್ಲಿದ್ದಿತು; ಅವರು ಹೇಳಿದುದೇ ದರ. ತಾತಾರವರು ಜಪಾನಿಗೆ ಹೋಗಿ ನಿಪ್ಪಾನ್ ಯೂಸೆನ್ ಕೈಶಾದೊಡನೆ ಒಡಂಬಡಿಕೆ ಮಾಡಿಕೊಂಡು, ತಾವೂ ಹಡಗುಗಳನ್ನು ಬಾಡಿಗೆಗೆ ಹಿಡಿದು ಓಡಿಸಿದರು. ಕೂಟವು ನಷ್ಟಕ್ಕಂಜದೆ ದರವನ್ನಿಳಿಸಲು, ಬೆಂಬಲವಿತ್ತಿದ್ದ ನಮ್ಮ ವರ್ತಕರೇ ಅಗ್ಗಕ್ಕೆ ಮನಸೋತು ಅತ್ತ ಸರಿದರು. ಲಜ್ಜೆಯ ಮಾತಲ್ಲವೆ? ತಾತಾರವರ ಹಡಗು ನಿಂತಿತು. ಜಪಾನೀಯರದು ನಿಲ್ಲಲಿಲ್ಲ, ಅವರ ಗಿರಣಿದಾರರು ಅವರನ್ನು ಕೈಬಿಡಲಿಲ್ಲ.

ಆದರೂ ತಾತಾರವರು ಪರದೇಶದ ವಿದ್ಯೆಗೆ ಬೆನ್ನು ತಿರುಗಿಸಲಿಲ್ಲ. ಬೆಂಗಳೂರಿನ ತಮ್ಮ ರೇಷ್ಮೆ ತೋಟಕ್ಕೆ ಜಪಾನಿನ ಪರಿಣತರನ್ನೇ ಕರೆಸಿದರು. 1902ರಲ್ಲಿ ಅಮೆರಿಕಕ್ಕೆ ಹೋಗಿ ಉಕ್ಕಿನ ತಜ್ಞ ಪೆರಿನ್ ಅವರನ್ನು ಗೊತ್ತುಮಾಡಿದರು. 1904ರಲ್ಲಿ ಜರ್ಮನಿಯಲ್ಲಿ ಕಾಲವಾದ ಅವರು ಮುಂದಿನದನ್ನು ಕಾಣಲಿಲ್ಲ. 1907ರಲ್ಲಿ ಉಕ್ಕಿನ ಕಂಪೆನಿಗೆ ಲಂಡನ್ ಪೇಟೆಯಲ್ಲಿ ಹಣ ಹುಟ್ಟದಿರಲು, ಷೇರುಗಳನ್ನು ಮುಂಬಯಿಯಲ್ಲಿ ಮಾರಲಾಯಿತು. ಈ ಸಲ ನಮ್ಮವರು ಸಾಲುಗಟ್ಟಿ ನಿಂತು ಮೂರು ವಾರಗಳಲ್ಲಿ ಹಣವನ್ನೊದಗಿಸಿದರು. 1912ರಲ್ಲಿ ಸಾಕ್ಚಿಯಲ್ಲಿ ಉಕ್ಕು ಹರಿಯಿತು.