ಇಬ್ನ್ ಮುಕ್ಲಾ: ಒಂದು ಚುಕ್ಕೆಯ ಅಳತೆ

ಲೇಟೆಕ್‌ನಲ್ಲಿ ಸ್ವಂತ ಸ್ಟೈಲ್ ಫೈಲ್ ಬರೆಯುವವರು ಮೊದಲೇ ಒಂದು ಮೂಲ ಅಳತೆ ಹೇಳಿಬಿಟ್ಟರೆ ಸಾಕು. ಶೀರ್ಷಿಕೆ, ಅಂಚು, ಸಾಲುಗಳ ಅಂತರ ಎಲ್ಲವನ್ನೂ ಅದರಿಂದಲೇ ಪಡೆಯಬಹುದು. ಈ ಉಪಾಯವನ್ನು ಸಾವಿರ ವರ್ಷಗಳ ಹಿಂದೆಯೇ ಅರಬಿ ಲಿಪಿಗೆ ತಂದವರು ಇಬ್ನ್ ಮುಕ್ಲಾ.

ಕ್ರಿ.ಶ. 886ರ ಸುಮಾರಿಗೆ ಬಗ್ದಾದಿನಲ್ಲಿ ಹುಟ್ಟಿದ ಅವರು ಕಂದಾಯದ ನೌಕರಿಯಿಂದ ಮೇಲೇರಿ ಮೂವರು ಅಬ್ಬಾಸಿ ಖಲೀಫರಿಗೆ ವಜೀರರಾದರು. ಜೊಂಡಿನ ಲೇಖನಿಯನ್ನು ಕಾಗದಕ್ಕೆ ಒತ್ತಿದಾಗ ಮೂಡುವ ವಜ್ರಾಕಾರದ ಚುಕ್ಕೆಯೇ ಅವರ ಅಳತೆಗೋಲು. ಅಲಿಫ್ ಇಂತಿಷ್ಟು ಚುಕ್ಕೆ ಎತ್ತರ. ಅಲಿಫನ್ನೇ ವ್ಯಾಸವಾಗಿಸಿ ಎಳೆದ ವೃತ್ತದಿಂದ ಉಳಿದ ಅಕ್ಷರಗಳ ಬಾಗು. ಲೇಖನಿ ದಪ್ಪವಾದರೆ ಚುಕ್ಕೆ ಹಿಗ್ಗುತ್ತದೆ, ಜೊತೆಗೆ ಬರಹವೆಲ್ಲ ಹಿಗ್ಗುತ್ತದೆ; ರೂಪ ಕೆಡುವುದಿಲ್ಲ. ಕಂಪಾಸ್ ಪೆಟ್ಟಿಗೆ ಇರುವ ಯಾರೂ ಬಿಡಿಸಿ ನೋಡಬಹುದು.

ವಜೀರಗಿರಿ ಅವರಿಗೆ ಒಳಿತು ಮಾಡಲಿಲ್ಲ. ಅರಮನೆಯ ಒಳಜಗಳದಲ್ಲಿ ಸೆರೆಹಿಡಿದು ಬಲಗೈಯನ್ನೇ ಕಡಿದರು. ತೋಳಿಗೆ ಲೇಖನಿ ಕಟ್ಟಿಕೊಂಡು ಬರೆಯುತ್ತಿದ್ದರೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. 940ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು.

ಅವರ ಕೈಬರಹವೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಹಾಳೆಯೂ ಇಂದು ಉಳಿದಿಲ್ಲ. ನಿಯಮ ಮಾತ್ರ ಉಳಿಯಿತು. ಅದನ್ನು ನಯಗೊಳಿಸಿದ ಇಬ್ನುಲ್ ಬವ್ವಾಬ್ 1000ದ ಸುಮಾರಿಗೆ ಬರೆದ ಕುರ್‌ಆನ್ ಪ್ರತಿಯೊಂದು ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.